ಕಜಾನ್ಲಕ್ ಕಣಿವೆಯ ಗೋರಿಗಳು, ಮುಳುಗಿದ ನಗರ, ಶಿಪ್ಕಾ: ಯಾವುದನ್ನು ಮೊದಲು ನೋಡಬೇಕು?

ಕಲ್ಯಾಣಪುರ ಟೀಚರ್ (ಉಡುಪಿ)

ಎಲ್ಲರಿಗೂ ನಮಸ್ಕಾರ. ಮಗಳು ಬಲ್ಗೇರಿಯಾದ ಪ್ಲೋವ್ದಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಮೇ ತಿಂಗಳ ಕೊನೆಗೆ ನಾನೂ ನನ್ನ ಅತ್ತೆಯವರೂ ಅವಳಲ್ಲಿಗೆ ಹೊರಟಿದ್ದೇವೆ. ಪ್ಲೋವ್ದಿವ್‌ನ ರೋಮನ್ ರಂಗಮಂದಿರವನ್ನು ಅವಳೇ ತೋರಿಸುತ್ತಾಳೆ, ಅದರ ಚಿಂತೆಯಿಲ್ಲ. ನನ್ನ ಮನಸ್ಸು ಇರುವುದು ಅಲ್ಲಿಂದ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಕಜಾನ್ಲಕ್ ಎಂಬ ಊರಿನ ಮೇಲೆ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವಳು. ಮಕ್ಕಳನ್ನು ಬಾರ್ಕೂರಿಗೆ, ಮೂಡುಬಿದಿರೆ ಬಳಿ ಕೊಡಂಗಲ್ಲಿನ ಜೈನ ಸಮಾಧಿಗಳಿಗೆ, ಮೂಡು ಕೊಣಾಜೆಯ ಕಲ್ಮನೆಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಸತ್ತವರಿಗಾಗಿ ಜನ ಏನೇನು ಕಟ್ಟಿದರು, ಯಾಕೆ ಕಟ್ಟಿದರು ಎಂಬ ಕುತೂಹಲ ಅಲ್ಲಿಂದಲೇ ಹತ್ತಿಕೊಂಡದ್ದು. ಕಜಾನ್ಲಕ್‌ನ ಥ್ರೇಸಿಯನ್ನರ (ಪ್ರಾಚೀನ ಕಾಲದಲ್ಲಿ ಬಲ್ಗೇರಿಯಾದ ಸುತ್ತ ಬಾಳಿದ ಜನ) ಗೋರಿಯ ಚಿತ್ರವನ್ನು ಎಷ್ಟೋ ವರ್ಷಗಳ ಹಿಂದೆ ಒಂದು ಪುಸ್ತಕದಲ್ಲಿ ಕಂಡಿದ್ದೆ: ಗಂಡ ಹೆಂಡತಿ ಊಟದ ಮೇಜಿನ ಮುಂದೆ ಕುಳಿತು ಒಬ್ಬರ ಕೈಯನ್ನು ಒಬ್ಬರು ಹಿಡಿದಿದ್ದಾರೆ, ಆಕೆಯ ತಲೆ ಬಾಗಿದೆ. ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ.

ಆದರೆ ಮಗಳು ವಿಚಾರಿಸಿದಾಗ, ಜನ ನೋಡುವುದು ಮೂಲ ಗೋರಿಯನ್ನಲ್ಲ, ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು ಎಂದು ತಿಳಿಯಿತು. ಹಾಗಾದರೆ ಅಷ್ಟು ದೂರ ಹೋಗುವುದಕ್ಕೆ ಅರ್ಥವಿದೆಯೇ? ಅದೇ ಕಣಿವೆಯಲ್ಲಿ ಒಂದು ಪ್ರಾಚೀನ ನಗರ ಜಲಾಶಯದ ಅಡಿಯಲ್ಲಿದೆಯಂತೆ, ಅದರಲ್ಲಿ ನೋಡಲು ಏನಾದರೂ ಸಿಗುತ್ತದೆಯೇ? ಬೆಟ್ಟದ ತುದಿಯಲ್ಲಿ ಹಾರುವ ತಟ್ಟೆಯ ಹಾಗಿರುವ ಕಮ್ಯುನಿಸ್ಟ್ ಕಾಲದ ಕಟ್ಟಡದ ಒಳಗೆ ಬಿಡುತ್ತಾರೆಯೇ? ಅತ್ತೆಯವರಿಗೆ ಮಂಡಿನೋವು, ಆದರೆ ಉತ್ಸಾಹದಲ್ಲಿ ನನಗಿಂತ ಮುಂದೆ. ಒಂದು ವಾರಾಂತ್ಯವನ್ನು ಮಾತ್ರ ಇದಕ್ಕೆ ಇಟ್ಟುಕೊಳ್ಳಬಲ್ಲೆವು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಸುಣ್ಣ ಮತ್ತು ಗಾರೆ (ಜೆಪ್ಪು, ಮಂಗಳೂರು)

ಟೀಚರ್, ಕಜಾನ್ಲಕ್ ಎಂಬ ಹೆಸರನ್ನು ಕನ್ನಡದಲ್ಲಿ ಓದಿದ್ದೇ ಖುಷಿಯಾಯಿತು. ನಾನು ಹಳೆಯ ಗೋಡೆಚಿತ್ರಗಳನ್ನು ಉಳಿಸುವ ಕೆಲಸ ಮಾಡುವವನು. ಸುಣ್ಣ, ಗಾರೆ, ತೇವ, ಉಪ್ಪು, ಬೂಷ್ಟು, ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಆ ಊರಿಗೆ ಹೋದದ್ದು ಗೋರಿಯ ಚಿತ್ರಗಳಿಗಾಗಿ. ಆದರೆ ನಿಮಗೆ ನಾನು ಹೇಳುವ ಮೊದಲ ಮಾತು ಬೇರೆ: ಗೋರಿಯಿಂದ ಶುರು ಮಾಡಬೇಡಿ. ಮೊದಲು ಕೊಪ್ರಿಂಕಾ ಜಲಾಶಯದ ದಂಡೆಗೆ ಹೋಗಿ. ಊರಿನಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್, ಟ್ಯಾಕ್ಸಿ ಸಾಕು.

ದಂಡೆಯಲ್ಲಿ ನಿಂತರೆ ಕಾಣುವುದು ನೀರು ಮಾತ್ರ. ಆದರೂ ಹೋಗಿ ಎನ್ನುತ್ತೇನೆ. ತುಂಜಾ ನದಿಗೆ ಅಣೆಕಟ್ಟು ಕಟ್ಟಲು ನೆಲ ಅಗೆಯುತ್ತಿದ್ದಾಗ, 1948ರಲ್ಲಿ, ಅಲ್ಲಿ ಒಂದು ಇಡೀ ನಗರ ಸಿಕ್ಕಿತು. ಮೂರನೆಯ ಸೆವ್ತಿಸ್ ಎಂಬ ಥ್ರೇಸಿಯನ್ ಅರಸ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ರಾಜಧಾನಿ, ಸೆವ್ತೊಪೊಲಿಸ್. ಅಲೆಕ್ಸಾಂಡರನ ಸಾವಿನ ನಂತರ ಥ್ರೇಸನ್ನು ಹಿಡಿದುಕೊಂಡ ಲೈಸಿಮಾಕಸನ ವಿರುದ್ಧ ದಂಡೆತ್ತಿ ಹೋದ ಅರಸ ಈತ. ದಿಮಿತರ್ ಪಿ. ದಿಮಿತ್ರೊವ್ ಎಂಬ ಪುರಾತತ್ವಜ್ಞರ ತಂಡ ಅಣೆಕಟ್ಟಿನ ಕೆಲಸದ ಜೊತೆಯಲ್ಲೇ ಅಗೆಯುತ್ತಾ ಹೋಯಿತು. ಸುಮಾರು ಐದು ಹೆಕ್ಟೇರ್ ವಿಸ್ತಾರದ ಕೋಟೆ, ನೇರವಾಗಿ ಒಂದನ್ನೊಂದು ಛೇದಿಸುವ ಬೀದಿಗಳು, ನಡುವೆ ಸಂತೆಯ ಚೌಕ, ಒಳಕೋಟೆಯಲ್ಲಿ ಅರಮನೆಯೂ ದೇವಾಲಯವೂ ಒಂದೇ ಕಟ್ಟಡದಲ್ಲಿ. ಮನೆಗಳ ಒಳಗೆ ನೆಲದ ಮೇಲೆ ಚಿತ್ತಾರ ಬಿಡಿಸಿದ ಮಣ್ಣಿನ ಅಗ್ನಿವೇದಿಕೆಗಳು. ನಗರಕ್ಕೆ ಹೆಸರು ಸಿಕ್ಕಿದ್ದು ಅಲ್ಲೇ ದೊರೆತ ಒಂದು ದೊಡ್ಡ ಗ್ರೀಕ್ ಶಾಸನದಿಂದ. ಸೆವ್ತಿಸನ ರಾಣಿ ಬೆರೆನೀಕೆ ಮತ್ತು ಅವಳ ಮಕ್ಕಳು ಕಬೈಲೆ ಎಂಬ ನಗರದ ಸ್ಪಾರ್ಟೊಕಸ್‌ಗೆ ಕೊಟ್ಟ ಪ್ರಮಾಣ ಅದು. ನಗರದ ಚೌಕದಲ್ಲಿ ಗ್ರೀಕ್ ದೇವರಾದ ಡಯೊನೈಸಸ್‌ನ ಪೀಠದ ಬಳಿ ಈ ಬರಹವನ್ನು ನಿಲ್ಲಿಸತಕ್ಕದ್ದು ಎಂಬ ಸೂಚನೆಯೂ ಅದರಲ್ಲೇ ಇದೆ. 1954ರ ಹೊತ್ತಿಗೆ ಅಗೆತ ಮುಗಿಯಿತು, ನೀರು ತುಂಬಿಸಿದರು. ಎರಡು ಸಾವಿರ ವರ್ಷ ಮಣ್ಣಿನೊಳಗಿದ್ದ ಊರು ಬಿಸಿಲು ಕಂಡದ್ದು ಆರೇ ವರ್ಷ.

ಇದನ್ನು ಮೊದಲು ನೋಡಿ ಎನ್ನುವುದಕ್ಕೆ ಕಾರಣವಿದೆ. ಆ ಕಣಿವೆಯಲ್ಲಿ ನೋಡಲು ಉಳಿದಿರುವುದೆಲ್ಲ ಸತ್ತವರ ಮನೆಗಳು. ಗೋರಿಯ ಮೇಲೆ ಮಣ್ಣು ಪೇರಿಸಿದ ದಿಬ್ಬಗಳು ಸಾವಿರಕ್ಕೂ ಹೆಚ್ಚಿವೆ ಎನ್ನುತ್ತಾರೆ. ಅವುಗಳನ್ನು ಮಾತ್ರ ನೋಡಿದರೆ ಥ್ರೇಸಿಯನ್ನರು ಸಾವಿನ ಸಿದ್ಧತೆಯನ್ನೇ ಬದುಕಾಗಿಸಿಕೊಂಡ ಜನ ಎಂಬ ತಪ್ಪು ಭಾವನೆ ಬಂದುಬಿಡುತ್ತದೆ. ಅವರಿಗೆ ಸಂತೆಯಿತ್ತು, ಅರಸನ ಹೆಸರಿನ ನಾಣ್ಯವಿತ್ತು, ಮಕ್ಕಳ ಪರವಾಗಿ ಮಾತುಕತೆಗೆ ಕುಳಿತ ರಾಣಿ ಇದ್ದಳು. ಆ ಬದುಕೆಲ್ಲ ನೀರಿನ ಕೆಳಗಿದೆ. ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು, ಕೈಯಲ್ಲಿ ಆ ನಗರದ ನಕ್ಷೆ ಹಿಡಿದು, ಆಮೇಲೆ ಗೋರಿಯ ಕಡೆ ನಡೆದರೆ ಗೋಡೆಯ ಮೇಲಿನ ಗಂಡಹೆಂಡಿರು ಯಾವುದೋ ಊರಿನವರಾಗಿ ಕಾಣುತ್ತಾರೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗೋರಿ ಇರುವುದು ಊರಿನೊಳಗೇ, ತ್ಯುಲ್ಬೆ ಎಂಬ ಗುಡ್ಡದ ಮೇಲಿನ ಉದ್ಯಾನದಲ್ಲಿ. 1944ರ ಏಪ್ರಿಲ್‌ನಲ್ಲಿ ಸೈನಿಕರು ವಿಮಾನ ದಾಳಿಯ ಕಾವಲಿಗೆಂದು ಅಲ್ಲಿ ಗುಂಡಿ ತೋಡುವಾಗ ಇಟ್ಟಿಗೆಯ ಕಟ್ಟಡ ಕಂಡಿತು. ಒಂದು ಕಿರಿದಾದ ಓಣಿ, ಅದರ ಕೊನೆಗೆ ಜೇನುಗೂಡಿನ ಆಕಾರದ ದುಂಡು ಕೋಣೆ. ಕೋಣೆಯ ವ್ಯಾಸ ಎರಡೂವರೆ ಮೀಟರಿಗೆ ತುಸು ಹೆಚ್ಚು, ಅಷ್ಟೇ. ನಾಲ್ಕು ಜನ ನಿಂತರೆ ಭುಜಕ್ಕೆ ಭುಜ ತಾಗುತ್ತದೆ. ಆ ಪುಟ್ಟ ಗುಮ್ಮಟದ ಒಳಮೈಯಲ್ಲಿ ಕೆಂಪು, ಹಳದಿ, ಕಪ್ಪು, ಬಿಳಿ ಎಂಬ ನಾಲ್ಕೇ ಬಣ್ಣಗಳಿಂದ ಒಬ್ಬ ಚಿತ್ರಕಾರ ಮಾಡಿದ್ದನ್ನು ನೋಡಿ ನಾನು ಕತ್ತು ನೋಯುವವರೆಗೂ ನಿಂತಿದ್ದೆ. ತುತ್ತತುದಿಯಲ್ಲಿ ಮೂರು ರಥಗಳ ಪಂದ್ಯ, ದುಂಡಗೆ ಓಡುತ್ತಲೇ ಇದೆ. ಅದರ ಕೆಳಗೆ ನೀವು ಹೇಳಿದ ಔತಣ. ಹಣ್ಣಿನ ತಟ್ಟೆ ತರುವ ಸೇವಕಿ, ತುತ್ತೂರಿ ಊದುವವರು, ಕುದುರೆ ಹಿಡಿದವರು, ಕಾಯುತ್ತಿರುವ ನಾಲ್ಕು ಕುದುರೆಗಳ ರಥ. ಎಲ್ಲರೂ ಆ ದಂಪತಿಯ ಕಡೆಗೇ ಬರುತ್ತಿದ್ದಾರೆ, ಅವರಿಬ್ಬರಿಗೆ ಮಾತ್ರ ಯಾರೂ ಬೇಕಿಲ್ಲ. ಕುದುರೆಗಳ ಕತ್ತಿನ ತಿರುವನ್ನು ಗಮನಿಸಿ. ಹಸಿ ಗಾರೆಯ ಮೇಲೆ ಗೆರೆ ಎಳೆಯುವಾಗ ಕೈ ತಡೆಯುವಂತಿಲ್ಲ, ಗಾರೆ ಕಾಯುವುದಿಲ್ಲ. ಇಲ್ಲಿ ಒಂದು ಗೆರೆಯೂ ಅನುಮಾನಿಸಿಲ್ಲ.

ಮೂಲ ಗೋರಿಯನ್ನು ಮುಚ್ಚಿಟ್ಟಿರುವುದು ಸರಿಯೇ ಎಂದು ನನ್ನನ್ನು ಕೇಳಿದರೆ, ನೂರಕ್ಕೆ ನೂರು ಸರಿ ಎನ್ನುತ್ತೇನೆ. ಮನುಷ್ಯನ ಉಸಿರಿನಲ್ಲಿ ನೀರಿನ ಆವಿ ಇದೆ, ಇಂಗಾಲದ ಡೈಆಕ್ಸೈಡ್ ಇದೆ, ಮೈಯಲ್ಲಿ ಬಿಸಿಯಿದೆ. ಅಷ್ಟು ಸಣ್ಣ ಕೋಣೆಯಲ್ಲಿ ದಿನವಿಡೀ ಜನ ಬಂದು ಹೋದರೆ ಗೋಡೆ ಬೆವರುತ್ತದೆ. ಬೆವರು ಆರುವಾಗ ಒಳಗಿನ ಉಪ್ಪು ಹೊರಗೆ ಬಂದು ಹರಳುಗಟ್ಟುತ್ತದೆ, ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ಮಂಗಳೂರಿನಲ್ಲಿ ಪ್ರತಿ ಮಳೆಗಾಲ ಈ ಶತ್ರುವಿನ ಜೊತೆ ನನ್ನ ಹೋರಾಟ. ಸಂತ ಅಲೋಶಿಯಸ್ ಚಾಪೆಲಿನಲ್ಲಿ ಅಂಟೋನಿಯೊ ಮೊಸ್ಕೇನಿ ಚಿತ್ರ ಬಿಡಿಸಿ ನೂರಿಪ್ಪತ್ತೈದು ವರ್ಷ ಆಗಿರಬಹುದು, ಅಷ್ಟು ದೊಡ್ಡದಾದ, ಗಾಳಿಯಾಡುವ ಕಟ್ಟಡಕ್ಕೇ ಆರೈಕೆ ಬೇಕು. ಎರಡು ಸಾವಿರದ ಮುನ್ನೂರು ವರ್ಷದ ಗುಮ್ಮಟಕ್ಕೆ ಎಷ್ಟು ಬೇಕು? 1979ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದಕ್ಕೂ ಮೊದಲೇ ಬಲ್ಗೇರಿಯನ್ನರು ಪಕ್ಕದಲ್ಲಿ ಅದೇ ಅಳತೆಯ ಪ್ರತಿಕೃತಿ ಕಟ್ಟಿ ಜನರನ್ನು ಅಲ್ಲಿಗೆ ತಿರುಗಿಸಿದ್ದರು. ಮೂಡುಬಿದಿರೆಯ ಧವಳ ಗ್ರಂಥಗಳನ್ನು ನೆನಪಿಸಿಕೊಳ್ಳಿ. ಆ ತಾಡವೋಲೆಗಳು ಶತಮಾನಗಳ ಕಾಲ ಬಸದಿಯಲ್ಲೇ ಉಳಿದವು, ಲೋಕ ಅದನ್ನು ಓದಿದ್ದು ಪ್ರತಿ ಮಾಡಿಸಿದ ಮೇಲೆಯೇ. ಪ್ರತಿ ಇದ್ದದ್ದರಿಂದ ಮೂಲವೂ ಉಳಿಯಿತು, ಓದೂ ನಡೆಯಿತು. ಆದ್ದರಿಂದ ಪ್ರತಿಕೃತಿಯೊಳಗೆ ಸಂಕೋಚವಿಲ್ಲದೆ ಹೋಗಿ, ಸಾವಕಾಶ ಮಾಡಿ. ಮುಟ್ಟಿದರೆ ಹಾಳಾದೀತೆಂಬ ಭಯವಿಲ್ಲದೆ ಆಕೆಯ ಬಾಗಿದ ತಲೆಯನ್ನು ಹತ್ತಿರದಿಂದ ನೋಡಬಹುದು.

ಎರಡನೆಯ ದಿನ ಶಿಪ್ಕಾ ಪಟ್ಟಣದ ಕಡೆ ಹೋಗಿ. ದಾರಿಯಲ್ಲೇ ಗೊಲ್ಯಾಮಾ ಕೊಸ್ಮಾಟ್ಕಾ ಎಂಬ ಇಪ್ಪತ್ತು ಮೀಟರ್ ಎತ್ತರದ ದಿಬ್ಬ. ಇದು ಪ್ರತಿಕೃತಿಯಲ್ಲ, ಮೂಲವೇ. 2004ರಲ್ಲಿ ಗಿಯೊರ್ಗಿ ಕಿತೊವ್ ಎಂಬ ಪುರಾತತ್ವಜ್ಞ ಇದನ್ನು ತೆರೆದಾಗ ಒಳಗೆ ಸಿಕ್ಕಿದ್ದು ಸೆವ್ತಿಸನ ಗೋರಿ. ಹದಿಮೂರು ಮೀಟರ್ ಉದ್ದದ ಓಣಿ, ಮೊದಲ ಕೋಣೆಯಲ್ಲಿ ಬಲಿಕೊಟ್ಟ ಕುದುರೆ, ಆಮೇಲೆ ಎರಡು ಕದಗಳ ಅಮೃತಶಿಲೆಯ ಬಾಗಿಲು. ಒಂದು ಕದದಲ್ಲಿ ಸೂರ್ಯದೇವ, ಇನ್ನೊಂದರಲ್ಲಿ ಮೆಡೂಸಾಳ ಮುಖ. ಅದರಾಚೆ ದುಂಡು ಕೋಣೆ, ಕೊನೆಗೆ ಒಂದೇ ಬಂಡೆಯನ್ನು ಕೊರೆದು ಮಾಡಿದ ಶಯನಗೃಹ. ಆ ಬಂಡೆ ಅರವತ್ತು ಟನ್ನಿಗೂ ಹೆಚ್ಚು ಭಾರ. ಓಕ್ ಎಲೆಗಳ ಚಿನ್ನದ ಕಿರೀಟ, ಚಿನ್ನದ ಪಾನಪಾತ್ರೆ, ಅರಸನ ಹೆಸರು ಕೆತ್ತಿದ ಶಿರಸ್ತ್ರಾಣ, ಬೆಳ್ಳಿಯ ಹೂಜಿ, ಎಲ್ಲವೂ ಇದ್ದಲ್ಲೇ ಇದ್ದವು. ಕೊಪ್ರಿಂಕಾದ ನೀರಿನ ಕೆಳಗಿರುವ ನಗರವನ್ನು ಕಟ್ಟಿಸಿದವನ ಹಾಸಿಗೆ ಇದು ಎಂದು ತಿಳಿದು ಆ ಓಣಿಯಲ್ಲಿ ನಡೆಯಿರಿ. ನಾನು ಕ್ರಮ ಕ್ರಮ ಎಂದು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಸಮಯ ಉಳಿದರೆ ಸಮೀಪದ ಓಸ್ತ್ರುಶಾ ದಿಬ್ಬ. ಅದರ ಕಲ್ಲಿನ ಮಾಡನ್ನು ಸಣ್ಣ ಸಣ್ಣ ಚೌಕಗಳಾಗಿ ಕೊರೆದು ಒಳಗೆ ಚಿತ್ರ ಬಿಡಿಸಿದ್ದಾರೆ. ಹೆಚ್ಚಿನವು ಅಳಿಸಿವೆ, ಒಂದು ಚೌಕದಲ್ಲಿ ಕೆಂಗೂದಲಿನ ಹೆಣ್ಣಿನ ಮುಖ ಉಳಿದಿದೆ. ನನ್ನ ವೃತ್ತಿಯಲ್ಲಿ ನಾನು ನೋಡಿದ ಮುಖಗಳಲ್ಲಿ ಅದನ್ನು ಮರೆಯಲಾರೆ.

ಅಜ್ಜರಕಾಡು ಇಂಜಿನಿಯರ್ (ಉಡುಪಿ)

ಗಾರೆಯವರ ಬರಹ ಓದಿ ಸಂತೋಷವಾಯಿತು. ಕ್ರಮದ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಮೊದಲು ಶಿಪ್ಕಾ ಕಣಿವೆದಾರಿಯ ತುದಿಗೆ ಹೋಗಬೇಕು. ಅಲ್ಲಿಂದ ಕಜಾನ್ಲಕ್ ಕಣಿವೆ ಪೂರ್ತಿ ಕಾಣುತ್ತದೆ: ಬೆನ್ನ ಹಿಂದೆ ಸ್ತಾರಾ ಪ್ಲಾನಿನಾ, ಎದುರಿಗೆ ಸ್ರೆದ್ನಾ ಗೊರಾ, ನಡುವೆ ತುಂಜಾ ಬಯಲು. ಎರಡು ಪರ್ವತ ಸಾಲುಗಳ ನಡುವೆ ಹೀಗೆ ಕಾಪಾಡಿಕೊಂಡ ಬಯಲಿನಲ್ಲಿ ಅರಸರು ಯಾಕೆ ನೆಲೆ ನಿಂತರು, ಸೈನ್ಯಗಳು ಯಾಕೆ ಆ ದಾರಿಗಾಗಿ ಸತ್ತವು ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ.

1877ರ ಆಗಸ್ಟ್‌ನಲ್ಲಿ ರಷ್ಯದ ಸೈನಿಕರೂ ಬಲ್ಗೇರಿಯದ ಸ್ವಯಂಸೇವಕರೂ ಆ ಬೆಟ್ಟವನ್ನು ಒಟ್ಟೋಮನ್ ತುರ್ಕರ ದಂಡನಾಯಕ ಸುಲೇಮಾನ್ ಪಾಷಾನ ದೊಡ್ಡ ಸೈನ್ಯದ ಎದುರು ಹಿಡಿದು ನಿಂತರು. ಗುಂಡು ಮುಗಿದಾಗ ಕಲ್ಲು ಉರುಳಿಸಿದರು. ನಂತರ ಅದೇ ಬೆಟ್ಟದ ಮೇಲೆ ಹಿಮದಲ್ಲಿ ಚಳಿಗಾಲ ಕಳೆದರು, ಶತ್ರುವಿನ ಗುಂಡಿಗಿಂತ ಚಳಿಗೆ ಹೆದರಬೇಕಾದ ದಿನಗಳು. 1878ರ ಜನವರಿಯಲ್ಲಿ ಯುದ್ಧ ಅವರ ಕಡೆಗೆ ತಿರುಗಿತು. ಬಲ್ಗೇರಿಯಾ ಮತ್ತೆ ಒಂದು ರಾಷ್ಟ್ರವಾದದ್ದು ಈ ಯುದ್ಧದಿಂದ. ತುದಿಯಲ್ಲಿರುವ 31.5 ಮೀಟರ್ ಎತ್ತರದ ಕಲ್ಲಿನ ಸ್ಮಾರಕ 1934ರದ್ದು. ಮುಂಭಾಗದ ಮೆಟ್ಟಿಲುಗಳು ಸುಮಾರು 890, ಅತ್ತೆಯವರಿಗೆ ಅದು ಬೇಡ. ವಾಹನ ಸ್ಮಾರಕದ ಸಮೀಪದವರೆಗೂ ಹೋಗುವ ದಾರಿಯಿದೆ, ಚಾಲಕನಿಗೆ ಮೊದಲೇ ಹೇಳಿ. ಕೆಳಗೆ ಶಿಪ್ಕಾ ಪಟ್ಟಣದಲ್ಲಿ ಚಿನ್ನದ ಗುಮ್ಮಟಗಳ ಸ್ಮಾರಕ ಚರ್ಚು, 1902ರಲ್ಲಿ ಪ್ರತಿಷ್ಠೆಯಾದದ್ದು. ಯುದ್ಧಭೂಮಿಯಲ್ಲಿ ಹೆಕ್ಕಿದ ತೋಟಾಗಳ ಹಿತ್ತಾಳೆಯನ್ನು ಕರಗಿಸಿ ಅದರ ಗಂಟೆಗಳನ್ನು ಎರಕ ಹೊಯ್ದರು, ದೊಡ್ಡ ಗಂಟೆ ಹನ್ನೆರಡು ಟನ್ನಿಗೆ ಹತ್ತಿರ. ಒಳಗೆ ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಸತ್ತವರ ಹೆಸರುಗಳು.

ಹಾರುವ ತಟ್ಟೆಯ ಹಾಗಿರುವ ಕಟ್ಟಡದ ಬಗ್ಗೆ ಕೇಳಿದ್ದೀರಿ, ಅದರ ಹೆಸರು ಬುಜ್ಲುಜಾ. ನಾನು ಜೀವನವಿಡೀ ಕಾಂಕ್ರೀಟಿನ ಜೊತೆ ಕಳೆದವನು, ಆದ್ದರಿಂದ ಸ್ವಲ್ಪ ಹೆಚ್ಚು ಹೇಳುತ್ತೇನೆ. ಗಿಯೊರ್ಗಿ ಸ್ಟೊಯಿಲೊವ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ, 1981ರಲ್ಲಿ ಉದ್ಘಾಟನೆ. ಅಡಿಪಾಯಕ್ಕೆ ಜಾಗ ಮಾಡಲು ಬೆಟ್ಟದ ತುದಿಯನ್ನೇ ಸಿಡಿಸಿ 1441 ಮೀಟರಿನಿಂದ 1432ಕ್ಕೆ ಇಳಿಸಿದರು. ಆ ಬೆಟ್ಟವನ್ನು ಆರಿಸಿಕೊಳ್ಳಲು ಕಾರಣವಿತ್ತು: 1868ರಲ್ಲಿ ಹಾಜಿ ದಿಮಿತರ್ ಎಂಬ ಬಂಡಾಯಗಾರ ಅಲ್ಲಿ ಒಟ್ಟೋಮನ್ ಸೈನಿಕರೊಡನೆ ಕೊನೆಯ ಕಾಳಗ ನಡೆಸಿದ, 1891ರಲ್ಲಿ ಸಮಾಜವಾದಿಗಳು ಗುಟ್ಟಾಗಿ ಸೇರಿ ಪಕ್ಷ ಕಟ್ಟಿದ್ದೂ ಅಲ್ಲೇ. 1989ರ ನಂತರ ಆಡಳಿತ ಬದಲಾಯಿತು, ಕಟ್ಟಡ ಅನಾಥವಾಯಿತು. ಮಾಡಿನ ತಗಡು ಕಳಚಿಕೊಂಡು ಹೋದರು, ಒಳಗೆ ಮಳೆ, ಹಿಮ. ದುಂಡು ಸಭಾಂಗಣದ ಸುತ್ತಲಿನ ಮೊಸಾಯಿಕ್ ಚಿತ್ರಗಳು ಉದುರತೊಡಗಿದವು. 2018ರಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಯುರೋಪಾ ನೋಸ್ಟ್ರಾ ಎಂಬ ಸಂಸ್ಥೆ ಇದನ್ನು ಯುರೋಪಿನ ಅತ್ಯಂತ ಅಪಾಯದಲ್ಲಿರುವ ಏಳು ಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿಸಿತು. 2019ರಲ್ಲಿ ಗೆಟ್ಟಿ ಪ್ರತಿಷ್ಠಾನದ ಅನುದಾನ ಬಂದು ಸಂರಕ್ಷಣೆಯ ಯೋಜನೆ ತಯಾರಾಯಿತು, ಮೊಸಾಯಿಕ್‌ಗಳನ್ನು ಹಿಡಿದು ನಿಲ್ಲಿಸುವ ಕೆಲಸವೂ ನಡೆದಿದೆ. ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಕಾವಲಿದೆ. ಹೊರಗಿನಿಂದಲೇ ನೋಡಿ. ಆ ಆಡಳಿತದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅಷ್ಟು ಎತ್ತರದಲ್ಲಿ, ಅಂಥ ಗಾಳಿಯಲ್ಲಿ ಆ ತಟ್ಟೆಯನ್ನು ಎತ್ತಿ ನಿಲ್ಲಿಸಿದ ಕೆಲಸಗಾರರ ಶ್ರಮ ಅಲ್ಲಿದೆ, ಅದು ಬಿದ್ದುಹೋಗಬಾರದು.

ಕೊಪ್ರಿಂಕಾ ಕುರಿತು ಒಂದು ಮಾತು. ನಾನು ಶರಾವತಿ ಕಡೆ ಕೆಲಸ ಮಾಡಿದವನು. ಲಿಂಗನಮಕ್ಕಿಯ ನೀರು ಇಳಿದ ವರ್ಷಗಳಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಜಾತ್ರೆಗೆ ಬಂದಂತೆ ಬರುತ್ತಾರೆ. ಮುಳುಗಿದ್ದನ್ನು ಮತ್ತೆ ನೋಡುವ ಹಂಬಲ ನನಗೆ ಚೆನ್ನಾಗಿ ಗೊತ್ತು. ಸೆವ್ತೊಪೊಲಿಸ್‌ಗೂ ಅಂಥ ಒಂದು ಯೋಜನೆ ಇದೆ. ಝೆಕೊ ತಿಲೆವ್ ಎಂಬ ವಾಸ್ತುಶಿಲ್ಪಿ 2005ರಲ್ಲಿ ಮುಂದಿಟ್ಟದ್ದು: ಜಲಾಶಯದ ನಡುವೆ ನಗರದ ಸುತ್ತ 420 ಮೀಟರ್ ವ್ಯಾಸದ, 20 ಮೀಟರ್ ಎತ್ತರದ ದುಂಡು ಗೋಡೆ ಕಟ್ಟಿ, ಒಳಗಿನ ನೀರು ಹೊರಹಾಕಿ, ಜನ ದೋಣಿಯಲ್ಲಿ ಬಂದು ಗೋಡೆಯ ಮೇಲಿನಿಂದ ನಗರಕ್ಕೆ ಇಳಿಯುವುದು. ಇನ್ನೂ ಕಾಗದದ ಮೇಲೆಯೇ ಇದೆ. ಲೆಕ್ಕದಲ್ಲಿ ಅಸಾಧ್ಯವಾದದ್ದೇನಲ್ಲ. ಆಗಬೇಕು ಎಂಬುದು ನನ್ನ ಆಸೆ.

ಬಂದರು ದಕ್ಕೆ (ಮಂಗಳೂರು)

ನಾನು ಹಡಗಿನಲ್ಲಿ ಕೆಲಸ ಮಾಡುವವನು. ಬುರ್ಗಾಸ್ ಬಂದರಿನಲ್ಲಿ ರಜೆ ಸಿಕ್ಕಾಗ ರೈಲಿನಲ್ಲಿ ಕಜಾನ್ಲಕ್‌ಗೆ ಹೋಗಿದ್ದೆ, ಸೋಫಿಯಾ–ಕಾರ್ಲೊವೊ–ಬುರ್ಗಾಸ್ ಮಾರ್ಗದಲ್ಲೇ ಈ ಊರು ಸಿಗುತ್ತದೆ. ಪ್ಲೋವ್ದಿವ್‌ನಿಂದ ನಿಮಗೆ ಬಸ್ ಸುಲಭ. ಕಜಾನ್ಲಕ್‌ನಿಂದ ಶಿಪ್ಕಾ ಪಟ್ಟಣಕ್ಕೆ ಬಸ್ ಇದೆ, ಬುಜ್ಲುಜಾಗೆ ಮಾತ್ರ ಟ್ಯಾಕ್ಸಿಯೇ ಗತಿ. 2026ರ ಜನವರಿಯಿಂದ ಅಲ್ಲಿ ಯೂರೋ ನಡೆಯುತ್ತದೆ, ಹಳೆಯ ಲೆವ್ ನೋಟುಗಳನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಮೇ ಕೊನೆ ಎಂದರೆ ಗುಲಾಬಿ ಕೊಯ್ಲಿನ ಕಾಲ. ಬೆಳಗಿನ ಬಸ್ಸಿನಲ್ಲೇ ಹೋಗದೆ ಹಿಂದಿನ ರಾತ್ರಿ ಅಲ್ಲಿ ಉಳಿಯಿರಿ. ನಮ್ಮ ಶಂಕರಪುರದ ಮಲ್ಲಿಗೆಯ ಹಾಗೆ ಅಲ್ಲಿಯೂ ಹೂ ಕೊಯ್ಯುವುದು ಬೆಳಕು ಹರಿಯುವ ಹೊತ್ತಿಗೆ, ಬಿಸಿಲೇರಿದರೆ ಎಣ್ಣೆಯ ಅಂಶ ಆವಿಯಾಗುತ್ತದೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು ಟನ್ನಿಗೂ ಹೆಚ್ಚು ಎಸಳು ಬೇಕು. ಗುಲಾಬಿ ಉತ್ಸವ ಜೂನ್ ಮೊದಲ ವಾರಾಂತ್ಯದಲ್ಲಿ ಮುಗಿಲು ಮುಟ್ಟುತ್ತದೆ, ಆಗ ಕೋಣೆ ಸಿಗುವುದು ಕಷ್ಟ. ಗುಮ್ಮಟದ ಗೋರಿ ನೋಡಲು ನಿಧಾನವಾಗಿ ನಿಲ್ಲಬೇಕೆಂದರೆ ಉತ್ಸವಕ್ಕೆ ಮೊದಲೇ ಹೋಗಿ ಬನ್ನಿ.

ಕಲ್ಯಾಣಪುರ ಟೀಚರ್

ಇಷ್ಟು ಅಕ್ಕರೆಯಿಂದ ಬರೆದ ಮೂವರಿಗೂ ಕೃತಜ್ಞತೆ. ಅತ್ತೆಯವರಿಗೆ ಓದಿ ಹೇಳಿದೆ. ಮುಳುಗಿದ ನಗರದ ದಂಡೆಗೆ ಮೊದಲು ಹೋಗೋಣ ಎಂದು ಅವರೇ ತೀರ್ಮಾನಿಸಿದರು. ಅವರ ತವರು ಮನೆಯ ಗದ್ದೆ ಯಾವುದೋ ಯೋಜನೆಗೆ ಹೋದದ್ದು ಅವರಿಗೆ ಇನ್ನೂ ಮಾಸಿಲ್ಲ. ಗಾರೆಯವರಲ್ಲಿ ಎರಡು ಪ್ರಶ್ನೆ. ಇಂಜಿನಿಯರ್ ಹೇಳಿದ ಆ ದುಂಡು ಗೋಡೆ ಬಂದರೆ ನಗರ ಉಳಿಯುತ್ತದೆಯೇ? ಮತ್ತು, ಇಷ್ಟೆಲ್ಲ ಚಿನ್ನ, ಬೆಳ್ಳಿ ಸಿಕ್ಕಿತಲ್ಲ, ಅದನ್ನು ಎಲ್ಲಿ ನೋಡಬೇಕು? ನಮ್ಮ ವಿಮಾನ ಸೋಫಿಯಾದಿಂದ.

ಸುಣ್ಣ ಮತ್ತು ಗಾರೆ

ಟೀಚರ್, ಮೊದಲ ಪ್ರಶ್ನೆಗೆ ನಾನೂ ಇಂಜಿನಿಯರ್ ಅವರೂ ಎದುರು ಬದುರು ಕುಳಿತು ಒಂದು ಸಂಜೆ ವಾದಿಸಬೇಕು. ಸೆವ್ತೊಪೊಲಿಸ್‌ನ ಗೋಡೆಗಳು ಕಲ್ಲಿನ ತಳಪಾಯದ ಮೇಲೆ ಹಸಿ ಇಟ್ಟಿಗೆಯಿಂದ ಎದ್ದವು. ಏಳು ದಶಕ ನೀರಿನಲ್ಲಿ, ಹೂಳಿನಲ್ಲಿ ನೆನೆದ ಕಟ್ಟಡವನ್ನು ಒಮ್ಮೆಲೇ ಗಾಳಿಗೆ ಬಿಟ್ಟರೆ ಅಪಾಯ ಶುರುವಾಗುವುದು ಆಗಲೇ. ಒಣಗುವ ಮಣ್ಣು ಬಿರಿಯುತ್ತದೆ, ಚಳಿಗಾಲದಲ್ಲಿ ಕಲ್ಲಿನ ಸಂದುಗಳಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಸುತ್ತಲ ಜಲಾಶಯದ ತೇವ ಕೆಳಗಿನಿಂದ ಏರುತ್ತಲೇ ಇರುತ್ತದೆ. ಹೂಳಿನ ಕೆಳಗೆ ಗಾಳಿ ಇಲ್ಲದೆ, ಬೆಳಕಿಲ್ಲದೆ ಇರುವುದು ಅದಕ್ಕೆ ಈಗ ದೊಡ್ಡ ರಕ್ಷಣೆ. ಗೋಡೆ ಕಟ್ಟುವ ಹಣ ಸಿಕ್ಕಿದ ದಿನ ಒಣಗಿಸುವ ವಿಧಾನಕ್ಕೂ, ಆಮೇಲಿನ ನೂರು ವರ್ಷದ ಆರೈಕೆಗೂ ಹಣ ಸಿಗಬೇಕು. ಅದಿಲ್ಲದೆ ತೆರೆದರೆ ಎರಡನೆಯ ಸಲ ಕಳೆದುಕೊಂಡ ಹಾಗೆ. ಅಗೆದ ಕಾಲದ ಅಳತೆ, ನಕ್ಷೆ, ಛಾಯಾಚಿತ್ರಗಳು ಉಳಿದಿವೆ. ಸದ್ಯಕ್ಕೆ ಅವುಗಳಿಂದ ಒಳ್ಳೆಯ ಮಾದರಿ ಮಾಡಿ ದಂಡೆಯಲ್ಲೇ ಇಟ್ಟರೆ ನಿಮ್ಮ ಅತ್ತೆಯವರಂಥ ಎಷ್ಟೋ ಜನಕ್ಕೆ ಅದು ಸಾಕು.

ಅಜ್ಜರಕಾಡು ಇಂಜಿನಿಯರ್

ಹಿಮದ ವಿಷಯ ಒಪ್ಪಿದೆ. ಗೋಡೆಯ ಮೇಲೊಂದು ಮಾಡೂ ಬೇಕಾಗುತ್ತದೆ ಎಂದಾಯಿತು. ಆದರೂ ಪೂರ್ತಿ ನಗರ ಬೇಡ, ಅರಮನೆಯ ಭಾಗವನ್ನಷ್ಟೇ ತೆರೆದು ನೋಡುವ ದಾರಿ ಇರಬೇಕು ಎಂಬುದು ನನ್ನ ವಾದ. ಅದನ್ನು ಬಿಡಲಾರೆ.

ಸುಣ್ಣ ಮತ್ತು ಗಾರೆ

ಮಾಡು ಹಾಕಿದರೆ ಅರ್ಧ ವಾದ ನಿಮ್ಮದೇ ಎನ್ನುತ್ತೇನೆ.

ಟೀಚರ್, ಎರಡನೆಯ ಪ್ರಶ್ನೆ. ಕಜಾನ್ಲಕ್‌ನಲ್ಲಿ ಇಸ್ಕ್ರಾ ಎಂಬ ಇತಿಹಾಸ ಸಂಗ್ರಹಾಲಯವಿದೆ. ದಿಬ್ಬಗಳಿಂದಲೂ ಸೆವ್ತೊಪೊಲಿಸ್‌ನಿಂದಲೂ ಬಂದ ವಸ್ತುಗಳು ಅಲ್ಲಿವೆ. ಜಲಾಶಯದಿಂದ ನೇರ ಅಲ್ಲಿಗೆ ಹೋಗಿ, ಯಾವ ಯಾವ ದಿಬ್ಬಗಳು ಆ ವಾರ ತೆರೆದಿವೆ ಎಂದು ಅಲ್ಲೇ ಕೇಳಿಕೊಳ್ಳಿ, ಆಮೇಲೆ ಗುಡ್ಡದ ಗೋರಿ. ಕೊಸ್ಮಾಟ್ಕಾದಲ್ಲಿ ಅತ್ತೆಯವರು ಓಣಿಯಲ್ಲಿ ಆರಾಮವಾಗಿ ನಡೆಯಬಹುದು, ಒಳಗಿನ ಬಾಗಿಲುಗಳಲ್ಲಿ ಮಾತ್ರ ತಲೆ ಬಗ್ಗಿಸಬೇಕು, ಒಂದು ಕೈ ಹಿಡಿದುಕೊಳ್ಳಿ.

ಸೋಫಿಯಾದಲ್ಲಿ ವಿಮಾನಕ್ಕೆ ಮೊದಲು ಅರ್ಧ ದಿನ ಉಳಿಸಿಕೊಳ್ಳಲೇಬೇಕು. ಅಲ್ಲಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯ 1494ರಲ್ಲಿ ಕಟ್ಟಿದ ಒಂದು ದೊಡ್ಡ ಮಸೀದಿಯ ಕಟ್ಟಡದಲ್ಲಿದೆ. ಸೆವ್ತಿಸನ ಕಂಚಿನ ತಲೆ ಇರುವುದು ಅಲ್ಲಿ. ಅದು ಗೋರಿಯ ಒಳಗೆ ಸಿಕ್ಕಿದ್ದಲ್ಲ, ಬಾಗಿಲಿನ ಮುಂದೆ ಕೆಲವು ಮೀಟರ್ ದೂರದಲ್ಲಿ ಮಣ್ಣಿನಡಿ ಹೂತಿತ್ತು. ಒಂದು ಪೂರ್ಣ ಪ್ರತಿಮೆಯಿಂದ ಕತ್ತರಿಸಿ ಬೇರೆಯಾಗಿ ಇಟ್ಟದ್ದು. ಕದ್ರಿಯ ಲೋಕೇಶ್ವರನ ಕಂಚನ್ನು ನೋಡುತ್ತಾ ಬೆಳೆದ ನಮಗೆ ಕಂಚಿನಲ್ಲಿ ಶಾಂತಿ ಗೊತ್ತು, 968ರಲ್ಲಿ ಎರಕ ಹೊಯ್ದ ಆ ಮುಖಕ್ಕೆ ಈ ಲೋಕದ ಯಾವ ತಕರಾರೂ ಇಲ್ಲ. ಸೆವ್ತಿಸನ ಮುಖದಲ್ಲಿ ಎಲ್ಲ ತಕರಾರೂ ಇದೆ. ಹಣೆಯ ಸುಕ್ಕು, ಕೆದರಿದ ಗಡ್ಡ, ಬಣ್ಣದ ಗಾಜು ಕೂರಿಸಿದ ಕಣ್ಣು, ತಾಮ್ರದ ಎಳೆಗಳಿಂದ ಮಾಡಿದ ರೆಪ್ಪೆಗೂದಲು. ಬೆಳಕು ಎಡಗಡೆಯಿಂದ ಬೀಳುವಾಗ ಒಮ್ಮೆ, ಬಲಗಡೆಗೆ ಸರಿದು ಒಮ್ಮೆ ನೋಡಿ. ಛಾಯಾಚಿತ್ರ ತೆಗೆಯಲು ಬಿಟ್ಟರೆ ರೆಪ್ಪೆಗಳದ್ದೊಂದು ಹತ್ತಿರದ ಚಿತ್ರ ನನಗೆ ಕಳುಹಿಸಿ. ಕೂದಲೆಳೆಗಳನ್ನು ಕಂಚಿಗೆ ಕೂರಿಸಿದ ಬಗೆಯನ್ನು ಇನ್ನೊಮ್ಮೆ ನೋಡಬೇಕು ನಾನು.